ಟಿಕೆಟ್ಟು ಮಾರಿದ್ದು ಜಾಹೀರಾತೇ?

ವರ್ಷಾಂತ್ಯದ ಲೆಕ್ಕಪತ್ರ ಮುಗಿಸುವ ಹಂಗಾಮಿನಲ್ಲಿ ಕೊಳಾಲದ ಕಡೆಯ ಕಡಲೆಕಾಯಿ ಎಣ್ಣೆ ಗಾಣದ ಮಾಲೀಕರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದಿದ್ದರು. ತಂದೆ ಮೂವತ್ತು ವರ್ಷಗಳಿಂದ ಗಾಣ ನಡೆಸಿದವರು. ಮಗ ಬೆಂಗಳೂರಿನಲ್ಲಿ ಓದಿ, ಕೆಲಕಾಲ ಅಲ್ಲಿಯೇ ಉದ್ಯೋಗ ಮಾಡಿ, ಈಗ ಊರಿಗೆ ಮರಳಿ ಮನೆಯ ವ್ಯಾಪಾರಕ್ಕೆ ಕೈಹಾಕಿರುವವನು. ಅವರ ಬಳಿ ಒಂದು ಯೋಜನಾ ವರದಿ ಇತ್ತು. ಬ್ಯಾಂಕಿನಿಂದ ಪಡೆಯಬೇಕೆಂದಿದ್ದ ಆರು ಲಕ್ಷ ರೂಪಾಯಿ ಸಾಲದಲ್ಲಿ ನಾಲ್ಕು ಲಕ್ಷವನ್ನು ಫ್ಲೆಕ್ಸು, ಪತ್ರಿಕೆ, ಕೇಬಲ್ ವಾಹಿನಿ ಹಾಗೂ ಮೊಬೈಲಿನ ಜಾಹೀರಾತಿಗೂ, ಉಳಿದ ಎರಡು ಲಕ್ಷವನ್ನು ಯಂತ್ರ ದುರಸ್ತಿಗೂ ವಿನಿಯೋಗಿಸುವುದೆಂದು ಅದರಲ್ಲಿ ಬರೆದಿತ್ತು.

ಇಷ್ಟು ದೊಡ್ಡ ಮೊತ್ತ ಜಾಹೀರಾತಿಗೆ ಏಕೆಂದು ಕೇಳಿದಾಗ ಮಗ ಕೊಟ್ಟ ಉದಾಹರಣೆ ನನ್ನನ್ನು ಯೋಚನೆಗೆ ಹಚ್ಚಿತು. ಆತ ವಿದ್ಯಾರ್ಥಿಯಾಗಿದ್ದಾಗ, 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅಮೆರಿಕದ ಮೆಟಾಲಿಕಾ ರಾಕ್ ತಂಡದ ಕಾರ್ಯಕ್ರಮಕ್ಕೆ ಹೋಗಿದ್ದನಂತೆ. "ಊರೆಲ್ಲ ಪೋಸ್ಟರ್ ಹಾಕಿದ್ದರು, ಪೇಪರಿನಲ್ಲಿ ಹಾಕಿದ್ದರು, ಜನ ಮುಗಿಬಿದ್ದು ಟಿಕೆಟ್ ತೆಗೆದುಕೊಂಡರು. ನಾವು ಒಳ್ಳೆಯ ಎಣ್ಣೆ ಮಾಡಿ ಸುಮ್ಮನೆ ಕುಳಿತರೆ ಯಾರಿಗೆ ಗೊತ್ತಾಗುತ್ತದೆ ಸಾರ್?" ಎಂದು ಆತ ಕೇಳಿದ. ತಂದೆ ಮಾತ್ರ, "ನೀವೇ ಹೇಳಿ ಆಡಿಟರ್ ಸಾರ್, ನನಗಂತೂ ತಿಳಿಯುತ್ತಿಲ್ಲ" ಎಂದು ಸುಮ್ಮನಾದರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವಾದದಲ್ಲಿ ಒಂದು ನಮೂದು ತಪ್ಪು ಖಾತೆಗೆ ಬಿದ್ದಿದೆ ಎಂಬುದು ನನ್ನ ಅಭಿಪ್ರಾಯ. ಜಾಹೀರಾತು ಹಾಕಿದರು, ಟಿಕೆಟ್ಟುಗಳು ಮಾರಾಟವಾದವು ಎಂಬ ಎರಡು ಸಂಗತಿಗಳು ನಿಜ. ಆದ್ದರಿಂದ ಜಾಹೀರಾತೇ ಟಿಕೆಟ್ಟು ಮಾರಿತು ಎಂಬ ಮೂರನೆಯ ಸಂಗತಿಗೆ ಮಾತ್ರ ಓಚರು ಇಲ್ಲ.

ಮೊದಲ ಸಾಕ್ಷಿ: ಗಿರಾಕಿಯೇ

ನಾನು ಆ ಹುಡುಗನನ್ನೇ ಸಾಕ್ಷಿಯಾಗಿ ವಿಚಾರಿಸಿದೆ. ಈ ತಂಡದ ಹೆಸರು ಮೊದಲು ಕೇಳಿದ್ದು ಯಾರಿಂದ? ಹಾಸ್ಟೆಲಿನಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನಿಂದ. ಹಾಡುಗಳು ದೊರೆತದ್ದು ಹೇಗೆ? ಕೊಠಡಿಯ ಜೊತೆಗಾರನ ಕಂಪ್ಯೂಟರಿನಿಂದ ನಕಲು ಮಾಡಿಕೊಂಡು. ಕಾರ್ಯಕ್ರಮವಿದೆಯೆಂದು ತಿಳಿದದ್ದು? ಸ್ನೇಹಿತನೊಬ್ಬ ಫೋನು ಮಾಡಿ ಹೇಳಿದ. ಪತ್ರಿಕೆಯ ಜಾಹೀರಾತು ನೋಡಿದ್ದು ಯಾವಾಗ? ಇಲ್ಲಿ ಆತ ಸ್ವಲ್ಪ ನಕ್ಕ. ಟಿಕೆಟ್ಟು ಕೊಂಡ ಮೇಲೆ.

ಒಬ್ಬನ ಹೇಳಿಕೆಯಿಂದ ತೀರ್ಪು ಕೊಡಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೂ ಈ ಹೇಳಿಕೆ ತಂಡದ ಇತಿಹಾಸಕ್ಕೆ ಹೊಂದಿಕೊಳ್ಳುತ್ತದೆ. ಮೆಟಾಲಿಕಾ ಹುಟ್ಟಿದ್ದು 1981ರಲ್ಲಿ. ಭಾರತದಲ್ಲಿ ಅದರ ಮೊದಲ ಪ್ರದರ್ಶನ ನಡೆಯುವ ಹೊತ್ತಿಗೆ ಮೂವತ್ತು ವರ್ಷಗಳಾಗಿದ್ದವು. ಇದಕ್ಕೂ ಮುನ್ನ, 2007ರ ಮಾರ್ಚ್ 17ರಂದು, ಇದೇ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ಭಾರತದಲ್ಲಿ ತನ್ನ ಮೊದಲ ಪ್ರದರ್ಶನ ನೀಡಿತು. ಅದು 1975ರಲ್ಲಿ ಲಂಡನ್ನಿನಲ್ಲಿ ಆರಂಭವಾದ ತಂಡ. ದೇಶದ ನಾನಾ ರಾಜ್ಯಗಳಿಂದ ಯುವಕರು ರೈಲು ಹತ್ತಿ ಬೆಂಗಳೂರಿಗೆ ಬಂದರು. ಇಷ್ಟು ದೂರ ಪ್ರಯಾಣ ಮಾಡುವ ಮನಸ್ಸನ್ನು ಕೆಲವು ವಾರಗಳ ಪೋಸ್ಟರು ಹುಟ್ಟಿಸಲಾರದು. ಆ ಮನಸ್ಸು ವರ್ಷಗಳಿಂದ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಅಣ್ಣನಿಂದ ತಮ್ಮನಿಗೆ ಸಾಗಿ ಬಂದಿತ್ತು. ಜಾಹೀರಾತು ದಿನಾಂಕ, ಸ್ಥಳ, ದರಗಳನ್ನು ತಿಳಿಸಿತು. ಅದು ಅಗತ್ಯವಾದ ಕೆಲಸವೇ ಹೌದು. ಆದರೆ ಮದುವೆಯ ಕರೆಯೋಲೆ ಹಂಚಿದವನು ತಾನೇ ನೆಂಟಸ್ತಿಕೆ ಬೆಳೆಸಿದೆನೆಂದು ಹೇಳಿಕೊಳ್ಳಲಾಗದು.

ಇಲ್ಲೊಂದು ಆಕ್ಷೇಪ ಬರಬಹುದು. ಆ ಮೂವತ್ತು ವರ್ಷಗಳಲ್ಲಿ ಧ್ವನಿಮುದ್ರಿಕೆ ಕಂಪನಿಗಳು ಪ್ರಚಾರಕ್ಕೆ ಹಣ ಸುರಿದಿರಲಿಲ್ಲವೇ? ಸುರಿದಿದ್ದವು. ಆದರೆ ಅದೇ ಕಂಪನಿಗಳು ಅದೇ ರೀತಿ ಪ್ರಚಾರ ನೀಡಿದ ಅನೇಕ ತಂಡಗಳ ಹೆಸರು ಇಂದು ಯಾರಿಗೂ ನೆನಪಿಲ್ಲ. ಗೆದ್ದವರ ಪ್ರಚಾರವನ್ನಷ್ಟೇ ಎಣಿಸಿ ಸೋತವರ ಪ್ರಚಾರವನ್ನು ಎಣಿಸದಿರುವುದು, ವಸೂಲಾದ ಬಾಕಿಯನ್ನು ಮಾತ್ರ ತೋರಿಸಿ ಮುಳುಗಿದ ಬಾಕಿಯನ್ನು ಮರೆಮಾಚಿದ ಲೆಕ್ಕದಂತೆ.

ಜಾಹೀರಾತೇ ಇಲ್ಲದೆ ತುಂಬಿದ ಮೈದಾನ

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ತಂಡ ಆರಂಭವಾಯಿತು. ಅದರ ಮೂವತ್ತು ವರ್ಷಗಳ ಬಾಳಿನಲ್ಲಿ ಆ ದೇಶದ ಮಾರಾಟ ಪಟ್ಟಿಯ ಮೊದಲ ಹತ್ತರೊಳಗೆ ಬಂದ ಹಾಡು ಒಂದೇ ಒಂದು, ಅದೂ 1987ರಲ್ಲಿ. ಹಾಗಿದ್ದರೂ 1990ರ ದಶಕದ ಆರಂಭದಲ್ಲಿ ಪ್ರವಾಸ ಪ್ರದರ್ಶನಗಳಿಂದ ಅತಿ ಹೆಚ್ಚು ಹಣ ಗಳಿಸುತ್ತಿದ್ದ ಅಮೆರಿಕದ ತಂಡಗಳಲ್ಲಿ ಅದೂ ಒಂದಾಗಿತ್ತು.

ಕಾರಣವೇನು? ಪ್ರತಿ ರಾತ್ರಿಯೂ ಅವರು ಬೇರೆ ಬೇರೆ ಹಾಡುಗಳನ್ನು ಬೇರೆ ಕ್ರಮದಲ್ಲಿ ನುಡಿಸುತ್ತಿದ್ದರು. ನಿನ್ನೆ ಬಂದವನಿಗೆ ಇಂದೂ ಬರಲು ಕಾರಣವಿರುತ್ತಿತ್ತು. ಎರಡನೆಯದಾಗಿ, ಕೇಳುಗರು ಪ್ರದರ್ಶನವನ್ನು ಧ್ವನಿಮುದ್ರಿಸಿಕೊಂಡು ಪರಸ್ಪರ ಹಂಚಿಕೊಳ್ಳಲು ಅನುಮತಿಯಿತ್ತು. 1984ರಲ್ಲಿ ಮುದ್ರಿಸಿಕೊಳ್ಳುವವರಿಗಾಗಿಯೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನು ಗೊತ್ತುಪಡಿಸಿದರು. ಮೂರನೆಯದಾಗಿ, ಅಂಚೆಯ ಮೂಲಕ ತಮ್ಮ ಅಭಿಮಾನಿಗಳಿಗೆ ತಾವೇ ನೇರವಾಗಿ ಟಿಕೆಟ್ಟು ಮಾರುವ ವ್ಯವಸ್ಥೆ ಮಾಡಿಕೊಂಡರು. ಬಿಟ್ಟಿ ಹಂಚಿದ ಕ್ಯಾಸೆಟ್ಟು ನಮ್ಮ ಅಂಗಡಿಗಳಲ್ಲಿ ಗಿರಾಕಿಯ ಕೈಗೆ ಹಾಕುವ ಒಂದು ಹಿಡಿ ಮಾದರಿ ಸರಕಿನಂತೆ ಕೆಲಸ ಮಾಡಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅವರ ಬಲವಿದ್ದದ್ದು ಮರಳಿ ಬರುವ ಗಿರಾಕಿಯಲ್ಲಿ.

ನಮ್ಮ ಜಿಲ್ಲೆಯ ಪುರಾವೆ

ಇಷ್ಟಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಟಿಕೆಟ್ಟು ಮಾರಿ ಬದುಕಿದ ಅತಿ ದೊಡ್ಡ ಸಂಸ್ಥೆಗಳಲ್ಲೊಂದು ನಮ್ಮ ತುಮಕೂರು ಜಿಲ್ಲೆಯದೇ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ಊರಿಂದೂರಿಗೆ ಕ್ಯಾಂಪು ಹಾಕುತ್ತ ಸಂಚರಿಸಿತು. ಕರಪತ್ರ ಹಂಚುವುದು, ವಾದ್ಯ ಬಾರಿಸಿಕೊಂಡು ಬೀದಿಯಲ್ಲಿ ಸಾರುವುದು ಕಂಪನಿ ನಾಟಕಗಳ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ಸಾರುವ ವಿಧಾನ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಕೆಲವು ಕಂಪನಿಗಳು ಸಾಲಕ್ಕೆ ಸಿಕ್ಕಿ ಪರದೆ, ಪೆಟ್ಟಿಗೆಗಳನ್ನು ಮಾರಿಕೊಂಡವು, ಗುಬ್ಬಿ ಕಂಪನಿ ತಲೆಮಾರುಗಳ ಕಾಲ ನಿಂತಿತು.

ವ್ಯತ್ಯಾಸವಿದ್ದದ್ದು ರಂಗದ ಮೇಲೆ. 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರವನ್ನು ನೋಡಿದವರು ಮನೆಗೆ ಹೋಗಿ ಮಾತನಾಡಿಕೊಳ್ಳುತ್ತಿದ್ದರು. 1930ರ ದಶಕದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಮುಂದೆ ವರನಟರೆನಿಸಿದ ರಾಜಕುಮಾರ್ ಅವರಂಥ ಕಲಾವಿದರು ಪಳಗಿದ್ದು ಅಲ್ಲಿಯೇ. ಆನೆಯ ಖರ್ಚನ್ನು ಯಾವ ಖಾತೆಗೆ ಬರೆಯುತ್ತೀರಿ? ಪ್ರಚಾರಕ್ಕೋ, ಸರಕಿನ ಉತ್ಪಾದನೆಗೋ? ನನ್ನ ಮಟ್ಟಿಗೆ ಅದು ಉತ್ಪಾದನಾ ವೆಚ್ಚ. ಸರಕೇ ಮಾತಿಗೆ ವಸ್ತುವಾದಾಗ ಪ್ರಚಾರದ ಕೆಲಸವನ್ನು ನೋಡಿ ಬಂದ ಪ್ರೇಕ್ಷಕ ಸಂಬಳವಿಲ್ಲದೆ ಮಾಡಿಕೊಡುತ್ತಾನೆ.

ಕಾರಣ ಮೊದಲೋ, ಪರಿಣಾಮ ಮೊದಲೋ?

ಜಾಹೀರಾತಿನ ಲೆಕ್ಕದಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ ಕಾರಣ ಮತ್ತು ಪರಿಣಾಮಗಳನ್ನು ಅದಲುಬದಲು ಮಾಡುವುದು. ಕಾರ್ಯಕ್ರಮದ ಸಂಘಟಕನು ಚೆನ್ನಾಗಿ ಟಿಕೆಟ್ಟು ಹೋಗುವ ತಂಡಕ್ಕೇ ದೊಡ್ಡ ಮೈದಾನ ಹಿಡಿಯುತ್ತಾನೆ, ಅದಕ್ಕೇ ಹೆಚ್ಚು ಪೋಸ್ಟರು ಹಾಕಿಸುತ್ತಾನೆ. ನಾವೂ ಹಾಗೆಯೇ. ಯುಗಾದಿ, ದೀಪಾವಳಿ, ಮದುವೆಯ ಲಗ್ನಗಳು ಬಂದಾಗ ಜಾಹೀರಾತು ಕೊಡುತ್ತೇವೆ. ಆ ತಿಂಗಳುಗಳಲ್ಲಿ ಜಾಹೀರಾತು ಕೊಡದ ಅಂಗಡಿಗೂ ಗಿರಾಕಿಗಳು ಬರುತ್ತಾರೆ. ಕಳೆದ ವರ್ಷದ ಮಾರಾಟದ ಶೇಕಡ ಇಷ್ಟೆಂದು ಜಾಹೀರಾತಿಗೆ ಹಣ ತೆಗೆದಿಡುವ ಪದ್ಧತಿಯೂ ಉಂಟು. ಅಲ್ಲಿ ಮಾರಾಟವೇ ಜಾಹೀರಾತಿಗೆ ಕಾರಣ. ಆಮೇಲೆ ಎರಡೂ ಒಟ್ಟಿಗೆ ಏರಿದವೆಂದು ಜಾಹೀರಾತನ್ನು ಹೊಗಳಿದರೆ ಏನು ಪ್ರಯೋಜನ?

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಂತರಜಾಲದಲ್ಲಿ ವ್ಯಾಪಾರ ನಡೆಸುವ ಅಮೆರಿಕದ ಈಬೇ ಸಂಸ್ಥೆ 2012ರಲ್ಲಿ, ತನ್ನ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತುಗಳನ್ನು ಕೆಲಕಾಲ ನಿಲ್ಲಿಸಿತು. ಜಾಹೀರಾತಿನ ಮೂಲಕ ಬರುತ್ತಿದ್ದವರೆಲ್ಲ ಬಹುಮಟ್ಟಿಗೆ ಹಣ ಕೊಡದ ಸಾಮಾನ್ಯ ದಾರಿಯಿಂದಲೇ ಬಂದುಬಿಟ್ಟರು. 2015ರಲ್ಲಿ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮತ್ತೊಂದು ಮುಖ್ಯ ಅಂಶವಿತ್ತು. ಬೇರೆ ಬಗೆಯ ಹುಡುಕಾಟದ ಜಾಹೀರಾತುಗಳು ಹೊಸ ಗಿರಾಕಿಗಳ ಮೇಲೂ ಅಪರೂಪಕ್ಕೆ ಬರುವವರ ಮೇಲೂ ಸ್ವಲ್ಪ ಪರಿಣಾಮ ಬೀರಿದವು. ಆದರೆ ಖರ್ಚಿನ ಹೆಚ್ಚಿನ ಪಾಲು ಹೇಗಿದ್ದರೂ ಬರುತ್ತಿದ್ದ ಹಳೆಯ ಗಿರಾಕಿಗಳ ಮೇಲೆ ಹೋಗಿತ್ತು.

ಸಂಗೀತ ಕಾರ್ಯಕ್ರಮಕ್ಕೆ ಇನ್ನೊಂದು ಮಿತಿಯೂ ಇದೆ. ಆಸನಗಳ ಸಂಖ್ಯೆ ನಿಗದಿಯಾಗಿರುತ್ತದೆ. 2025ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಕೋಲ್ಡ್‌ಪ್ಲೇ ತಂಡದ ಪ್ರದರ್ಶನಗಳಿಗೆ 2024ರ ಸೆಪ್ಟೆಂಬರಿನಲ್ಲಿ ಟಿಕೆಟ್ಟು ಬಿಡುಗಡೆಯಾದಾಗ ಬೇಡಿಕೆ ಎಷ್ಟಿತ್ತೆಂದರೆ, ಮೂರನೆಯ ಪ್ರದರ್ಶನ ಸೇರಿಸಬೇಕಾಯಿತು. ಟಿಕೆಟ್ಟುಗಳನ್ನು ಭಾರೀ ದರಕ್ಕೆ ಮರುಮಾರಾಟಕ್ಕಿಟ್ಟದ್ದು ದೊಡ್ಡ ಸುದ್ದಿಯಾಯಿತು. ಆಸನಗಳೆಲ್ಲ ತುಂಬಿದ ಮೇಲೆ ಎಷ್ಟು ಜಾಹೀರಾತು ಕೊಟ್ಟರೂ ಇನ್ನೊಂದು ಟಿಕೆಟ್ಟು ಮಾರಲಾಗದು.

ಜಾಹೀರಾತಿಗೂ ನ್ಯಾಯ ಸಲ್ಲಬೇಕು

ಹಾಗೆಂದು ಜಾಹೀರಾತು ವ್ಯರ್ಥವೆಂಬ ಇನ್ನೊಂದು ತುದಿಗೆ ಹೋಗುವುದೂ ತಪ್ಪು. ಹೊಸ ಅಂಗಡಿ, ಹೊಸ ವಿಳಾಸ, ಹೊಸ ಸರಕು, ನಿಗದಿತ ದಿನದ ಮಾರಾಟ, ಇವುಗಳನ್ನು ತಿಳಿಸದೆ ಜನರಿಗೆ ತಿಳಿಯುವುದಿಲ್ಲ. ಅರಮನೆ ಮೈದಾನದ ಕಾರ್ಯಕ್ರಮದ ದಿನಾಂಕವನ್ನು ಯಾರೂ ಸಾರದಿದ್ದಿದ್ದರೆ ಮೂವತ್ತು ವರ್ಷದ ಅಭಿಮಾನವೂ ಮನೆಯಲ್ಲೇ ಕುಳಿತಿರುತ್ತಿತ್ತು. ಇಂದು ರಾತ್ರಿ ಖಾಲಿ ಉಳಿದ ಆಸನವನ್ನು ನಾಳೆ ಮಾರಲಾಗದು, ಆದ್ದರಿಂದ ಸಂಘಟಕನಿಗೆ ಗಡುವಿನೊಳಗೆ ಸುದ್ದಿ ಮುಟ್ಟಿಸುವುದು ಅನಿವಾರ್ಯ. ನಮ್ಮ ಎಣ್ಣೆ, ಹುಣಸೆಹಣ್ಣು, ಅಕ್ಕಿಗಳಿಗೆ ಅಂಥ ಗಡುವಿಲ್ಲ. ಅವು ಪ್ರತಿ ತಿಂಗಳೂ ಮನೆಗೆ ಬೇಕು, ಹಾಗಾಗಿ ನಮ್ಮ ಲಾಭ ಇರುವುದು ಎರಡನೆಯ, ಮೂರನೆಯ, ಹತ್ತನೆಯ ಖರೀದಿಯಲ್ಲಿ. ಮೊದಲ ಡಬ್ಬಿಯನ್ನು ಜಾಹೀರಾತು ಮಾರಬಹುದು. ಎರಡನೆಯ ಡಬ್ಬಿಯನ್ನು ಎಣ್ಣೆಯೇ ಮಾರಬೇಕು.

ಲೆಕ್ಕಶಾಸ್ತ್ರವೂ ಈ ವಿಷಯದಲ್ಲಿ ಬಹಳ ಎಚ್ಚರ ವಹಿಸಿದೆ. ಪ್ರವೇಶ ಶುಲ್ಕದ ವರಮಾನವನ್ನು ಕಾರ್ಯಕ್ರಮ ನಡೆದಾಗ ಮಾತ್ರ ಆದಾಯವೆಂದು ಪರಿಗಣಿಸಬೇಕೆಂದು ಲೆಕ್ಕಪತ್ರ ಮಾನಕ 9 ತಿಳಿಸುತ್ತದೆ. ಅಲ್ಲಿಯವರೆಗೆ ಟಿಕೆಟ್ಟಿನ ಹಣ ಹೊಣೆಗಾರಿಕೆ. ಇದರ ಅರ್ಥ 2011ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಬೆಂಗಳೂರಿಗೆ ಎರಡು ದಿನ ಮುಂಚೆ, ಅಕ್ಟೋಬರ್ 28ರಂದು, ಗುರುಗಾಂವಿನಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ಸುರಕ್ಷತೆಯ ಕಾರಣದಿಂದ ನಿಂತುಹೋಯಿತು, ರೊಚ್ಚಿಗೆದ್ದ ಜನ ವೇದಿಕೆಯ ಸಾಮಗ್ರಿಗಳನ್ನು ಧ್ವಂಸ ಮಾಡಿದರು. ಅಲ್ಲಿಯೂ ಜಾಹೀರಾತಿತ್ತು, ಟಿಕೆಟ್ಟೂ ಮಾರಾಟವಾಗಿತ್ತು. ಸರಕು ಮಾತ್ರ ಕೈಗೆ ಸಿಗಲಿಲ್ಲ. ಅದೇ ರೀತಿ, ಜಾಹೀರಾತಿನ ಖರ್ಚನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನಕ 26 ಅವಕಾಶ ಕೊಡುವುದಿಲ್ಲ, ಮಾಡಿದ ವರ್ಷವೇ ಅದು ಲಾಭನಷ್ಟ ಖಾತೆಗೆ ಖರ್ಚಾಗಿ ಹೋಗಬೇಕು. ನಾಲ್ಕು ಲಕ್ಷದ ಯಂತ್ರ ಕೊಂಡರೆ ಆಸ್ತಿಪಟ್ಟಿಯಲ್ಲಿ ಅದು ಕಾಣುತ್ತದೆ. ನಾಲ್ಕು ಲಕ್ಷದ ಜಾಹೀರಾತು ಕೊಟ್ಟರೆ ಕಾಣುವುದು ಬ್ಯಾಂಕಿನ ಸಾಲ ಮಾತ್ರ.

ಅಳೆದು ನೋಡುವ ಬಗೆ

ಹಾಗಾದರೆ ಸಣ್ಣ ಉದ್ಯಮಿ ಏನು ಮಾಡಬೇಕು? ನನಗೆ ತೋರಿದ ಕೆಲವು ಸರಳ ಕ್ರಮಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ಖರ್ಚಿಗೆ ಮುನ್ನ ಭಾಗಾಕಾರ. ನೂರು ರೂಪಾಯಿ ಮಾರಾಟದಲ್ಲಿ ಹನ್ನೆರಡು ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ನಾಲ್ಕು ಲಕ್ಷದ ಜಾಹೀರಾತು ತನ್ನ ಅಸಲನ್ನು ಹುಟ್ಟಿಸಬೇಕಾದರೆ ಸುಮಾರು ಮೂವತ್ತಮೂರು ಲಕ್ಷ ರೂಪಾಯಿಯ ಹೆಚ್ಚುವರಿ ಮಾರಾಟವಾಗಬೇಕು. ಸಾಲದ ಬಡ್ಡಿ ಇದರ ಮೇಲೆ ಬೇರೆ. ಈ ಅಂಕಿಯನ್ನು ಹೇಳಿದಾಗ ಕೊಳಾಲದ ಆ ತಂದೆ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ವರ್ಷದ ಇಡೀ ವಹಿವಾಟೇ ಅದಕ್ಕಿಂತ ಬಹಳ ಹೆಚ್ಚೇನೂ ಇರಲಿಲ್ಲ.

ಎರಡನೆಯದು, ಒಂದು ಊರಿನಲ್ಲಿ ಕೊಟ್ಟು ಇನ್ನೊಂದು ಊರಿನಲ್ಲಿ ಕೊಡದೆ ನೋಡುವುದು. ಮಧುಗಿರಿಯಲ್ಲಿ ನಲವತ್ತು ಸಾವಿರ ರೂಪಾಯಿಯ ಜಾಹೀರಾತು ಕೊಡಿ, ಶಿರಾದಲ್ಲಿ ಏನೂ ಕೊಡಬೇಡಿ. ಕಳೆದ ವರ್ಷದ ಇದೇ ಮೂರು ತಿಂಗಳಲ್ಲಿ ಎರಡೂ ಕಡೆ ತಲಾ ಮೂರು ಲಕ್ಷ ಮಾರಾಟವಾಗಿತ್ತೆಂದು ಭಾವಿಸೋಣ. ಈ ಬಾರಿ ಮಧುಗಿರಿಯಲ್ಲಿ ಮೂರು ಲಕ್ಷ ತೊಂಬತ್ತು ಸಾವಿರ, ಶಿರಾದಲ್ಲಿ ಮೂರು ಲಕ್ಷ ಅರವತ್ತು ಸಾವಿರ ಆದರೆ, ಜಾಹೀರಾತಿನ ಖಾತೆಗೆ ಜಮಾ ಮಾಡಬಹುದಾದದ್ದು ಮೂವತ್ತು ಸಾವಿರ ಮಾತ್ರ. ಉಳಿದ ಅರವತ್ತು ಸಾವಿರ ಹಬ್ಬದ್ದು, ಬೆಲೆಯದ್ದು, ನಿಮ್ಮ ಹೆಸರಿನದ್ದು. ಆ ಮೂವತ್ತು ಸಾವಿರದ ಮೇಲಿನ ಲಾಭ ಮೂರು ಸಾವಿರದ ಆರುನೂರು ರೂಪಾಯಿ. ಆದರೆ ಅಲ್ಲಿಗೇ ನಿಲ್ಲಿಸಬಾರದು. ಆಗ ಬಂದ ಹೊಸ ಗಿರಾಕಿಗಳು ವರ್ಷವಿಡೀ ಮರಳಿ ಬರುತ್ತಾರೆಯೇ ಎಂದು ನೋಡಿದ ಮೇಲೆಯೇ ಲೆಕ್ಕ ಪೂರ್ಣವಾಗುವುದು.

ಮೂರನೆಯದು, ಅಂಗಡಿಯಲ್ಲಿ ಒಂದು ಪುಸ್ತಕ. ಹೊಸಬರು ಬಂದಾಗ "ನಮ್ಮ ಅಂಗಡಿ ಹೇಗೆ ಗೊತ್ತಾಯಿತು?" ಎಂದು ಕೇಳಿ ಒಂದು ಮಾತು ಬರೆದಿಡಿ. ಇದಕ್ಕೆ ಕಾಸಿನ ಖರ್ಚಿಲ್ಲ.

ನಾಲ್ಕನೆಯದು, ಜಾಹೀರಾತು ಖಾತೆಯನ್ನು ಒಡೆಯುವುದು. ನಮ್ಮ ಪುಸ್ತಕಗಳಲ್ಲಿ ಈ ಒಂದೇ ತಲೆಬರಹದಡಿ ಅಂಗಡಿಯ ಬೋರ್ಡು, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಕ್ಯಾಲೆಂಡರು, ಗಣೇಶೋತ್ಸವದ ಫ್ಲೆಕ್ಸು ಎಲ್ಲವೂ ಕುಳಿತಿರುತ್ತವೆ. ಇವುಗಳಲ್ಲಿ ಹಲವು ವಾಸ್ತವವಾಗಿ ದಾಕ್ಷಿಣ್ಯದ ವಂತಿಗೆಗಳು. ಕೊಡುವುದು ತಪ್ಪಲ್ಲ, ಊರಿನಲ್ಲಿ ಬಾಳುವವರು ಕೊಡಲೇಬೇಕು. ಆದರೆ ಅದು ಮಾರಾಟ ತರುತ್ತದೆಂದು ನಮ್ಮನ್ನು ನಾವೇ ನಂಬಿಸಿಕೊಳ್ಳುವುದು ಬೇಡ. ಜಾಹೀರಾತುಗಳನ್ನು ಪ್ರಕಟಿಸುವ ಈ ಪತ್ರಿಕೆಯ ಸಂಪಾದಕರು ನನ್ನ ಈ ಮಾತನ್ನು ಕ್ಷಮಿಸುವರೆಂದು ನಂಬಿದ್ದೇನೆ.

ಜಾಹೀರಾತಿಗೆ ಖರ್ಚು ಮಾಡಿದ ಹಣದಲ್ಲಿ ಅರ್ಧ ವ್ಯರ್ಥ, ಯಾವ ಅರ್ಧವೆಂಬುದೇ ತಿಳಿಯದು ಎಂಬ ಮಾತು ಅಮೆರಿಕದ ವರ್ತಕ ಜಾನ್ ವನಮೇಕರ್ ಅವರ ಹೆಸರಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಇದನ್ನು ಹಾಸ್ಯವಾಗಿ ಹೇಳಿ ಮುಂದೆ ಸಾಗುವುದು ದೊಡ್ಡ ಕಂಪನಿಗಳಿಗೆ ಸಾಧ್ಯ. ಮನೆ ಪತ್ರ ಒತ್ತೆಯಿಟ್ಟು ಸಾಲ ತಂದ ಗಾಣದ ಮಾಲೀಕನಿಗೆ ಆ ಅರ್ಧ ಯಾವುದೆಂದು ತಿಳಿಯಲೇಬೇಕು.

ಕೊಳಾಲದ ತಂದೆ ಮಗ ಕೊನೆಗೆ ಸಾಲದ ಮೊತ್ತವನ್ನು ಇಳಿಸಿಕೊಂಡರು. ಎಣ್ಣೆ ಸೋಸುವ ಯಂತ್ರ ಹಾಗೂ ಸೋರದ ಮುಚ್ಚಳದ ಡಬ್ಬಿಗಳಿಗೆ ಮೊದಲ ಹಣ ಹಾಕಿದರು, ಮಧುಗಿರಿಯಲ್ಲಿ ಮಾತ್ರ ಸಣ್ಣ ಮೊತ್ತದ ಜಾಹೀರಾತು ಕೊಟ್ಟರು. ಅದರ ಫಲ ಇಷ್ಟೇ ಎಂದು ಹೇಳಲು ಇನ್ನೂ ವರ್ಷ ತುಂಬಿಲ್ಲ. ಮಗ ಇಟ್ಟಿರುವ ಪುಸ್ತಕವನ್ನು ಮೊನ್ನೆ ನೋಡಿದೆ. ಕೆಲವು ಸಾಲುಗಳಲ್ಲಿ 'ಬೋರ್ಡು ನೋಡಿ' ಎಂದಿದೆ, ಹೆಚ್ಚಿನ ಸಾಲುಗಳಲ್ಲಿ 'ನೆಂಟರು ಹೇಳಿದರು' ಎಂದಿದೆ. ಒಂದೇ ಅಂಗಡಿಯ ಪುಸ್ತಕದಿಂದ ಸಿದ್ಧಾಂತ ಕಟ್ಟಲಾಗದು. ನಮ್ಮ ಸದಸ್ಯರಲ್ಲಿ ಹತ್ತು ಹದಿನೈದು ಜನ ಇಂಥ ಪುಸ್ತಕವನ್ನು ಒಂದು ವರ್ಷ ಇಟ್ಟು ಮುಂದಿನ ವಾರ್ಷಿಕ ಸಭೆಗೆ ತಂದರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ವ್ಯಾಪಾರಕ್ಕೆ ಹೊಂದುವ ಉತ್ತರವೊಂದು ನಮಗೇ ದೊರೆಯಬಹುದು. ಆ ಪುಸ್ತಕಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿಕೊಡುವ ಕೆಲಸವನ್ನು ಯಾವ ಶುಲ್ಕವೂ ಇಲ್ಲದೆ ಮಾಡಲು ನಾನು ಸಿದ್ಧನಿದ್ದೇನೆ.